ಕಿಟಕಿಯಿಲ್ಲದ ಕ್ಯಾಬಿನ್ನೋ, ಬಾಲ್ಕನಿಯೋ? ಕ್ರೂಸ್ ಬುಕ್ ಮಾಡುವ ಮುಂಚೆ ಹಾಕಬೇಕಾದ ಲೆಕ್ಕ

ಕಳೆದ ತಿಂಗಳು ನನ್ನ ಚಿಕ್ಕಮ್ಮನ ಮಗಳು ವಾಟ್ಸ್ಆ್ಯಪ್‌ನಲ್ಲಿ ಟ್ರಾವೆಲ್ ಏಜೆಂಟ್ ಕೊಟ್ಟ ಕೊಟೇಶನ್ನಿನ ಫೋಟೋ ಕಳಿಸಿದಳು. ಸಿಂಗಪುರದಿಂದ ಹೊರಟು ಮೂರು ರಾತ್ರಿ ಕಳೆದು ಮತ್ತೆ ಸಿಂಗಪುರಕ್ಕೇ ಬರುವ ಹಡಗು. ಹೋಗುವವರು ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅವಳ ಅತ್ತೆ-ಮಾವ. ಇನ್‌ಸೈಡ್, ಓಷನ್ ವ್ಯೂ, ಬಾಲ್ಕನಿ, ಸೂಟ್ ಅಂತ ನಾಲ್ಕು ಸಾಲು, ನಾಲ್ಕು ರೇಟು. ಕೆಳಗೆ ಅವಳ ಪ್ರಶ್ನೆ: "ಅಕ್ಕಾ, ಕಿಟಕಿ ಇಲ್ದಿರೋ ರೂಮ್ ತಗೊಂಡ್ರೆ ಗೋಡೌನಲ್ಲಿ ಮಲಗಿದ ಹಾಗಾಗತ್ತಾ?"

ನಾನು ಮೂರು ಸಲ ಹಡಗು ಹತ್ತಿದ್ದೇನೆ. ಎರಡು ಸಲ ಕಿಟಕಿಯಿಲ್ಲದ ಕೋಣೆ, ಒಂದು ಸಲ ಬಾಲ್ಕನಿ. ಗೋಡೌನ್ ಅಂತ ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಪಕ್ಕದಲ್ಲೇ ಅಂಥದ್ದೇ ಕೋಣೆಯಲ್ಲಿದ್ದ ನಮ್ಮ ಮಾವನವರಿಗೆ ಮೊದಲನೇ ಬೆಳಗ್ಗೆಯೇ ಅನ್ನಿಸಿತು. ಹಾಗಾಗಿ ಈ ಪ್ರಶ್ನೆಗೆ ರೇಟು ನೋಡಿ ಉತ್ತರ ಹೇಳುವುದು ಕಷ್ಟ, ಹೋಗುವವರ ದಿನಚರಿ ನೋಡಿ ಹೇಳಬೇಕು. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಒಪ್ಪವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕೋಣೆ ಬದಲಾದರೂ ಬದಲಾಗದ್ದು

ವಿಮಾನದಲ್ಲಿ ಬಿಸಿನೆಸ್ ಕ್ಲಾಸಿನವರಿಗೆ ಒಂದು ಊಟ, ಹಿಂದೆ ಕೂತವರಿಗೆ ಇನ್ನೊಂದು. ಹಡಗಿನಲ್ಲಿ, ಸೂಟ್ ಬಿಟ್ಟರೆ, ಹಾಗಿಲ್ಲ. ಅತಿ ಅಗ್ಗದ ಕೋಣೆಯವರಿಗೂ ಬಾಲ್ಕನಿಯವರಿಗೂ ಒಂದೇ ಊಟದ ಹಾಲು, ಒಂದೇ ಈಜುಕೊಳ, ಒಂದೇ ಶೋ. ಕೋಣೆ ಗುಡಿಸಿ ಹಾಸಿಗೆ ಸರಿಮಾಡುವ ಸಿಬ್ಬಂದಿಯೂ ಒಂದೇ ತರಹದವರು. ಪೋರ್ಟ್ ಶುಲ್ಕವನ್ನೂ ದಿನದ ಟಿಪ್ಸನ್ನೂ ತಲೆಲೆಕ್ಕದಲ್ಲಿ ಹಾಕುತ್ತಾರೆ. ಸೂಟಿನವರಿಗೆ ಟಿಪ್ಸ್ ಕೊಂಚ ಹೆಚ್ಚು, ಉಳಿದವರಿಗೆ ಸಮ.

ಜಾಗವೂ ನೀವು ಅಂದುಕೊಂಡಷ್ಟು ಬೇರೆಯಲ್ಲ. ಇನ್‌ಸೈಡ್ ಕೋಣೆ ಸಾಮಾನ್ಯವಾಗಿ 140ರಿಂದ 185 ಚದರ ಅಡಿ. ಬಾಲ್ಕನಿ ಕೋಣೆಯ ಒಳಗಿನ ಅಳತೆ ಎಷ್ಟೋ ಹಡಗುಗಳಲ್ಲಿ ಇದಕ್ಕಿಂತ ತುಸುವೇ ದೊಡ್ಡದು. ಹೆಚ್ಚಿನ ದುಡ್ಡು ಹೋಗುವುದು ಹೊರಗಿನ ಎರಡು ಕುರ್ಚಿಯ ಜಾಗಕ್ಕೆ. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ "ಮಕ್ಕಳ ರೂಮು" ಅಂತ ಬಿಲ್ಡರ್ ತೋರಿಸುತ್ತಾನಲ್ಲ, ಅದರೊಳಗೇ ಬಾತ್‌ರೂಮು, ಬೀರು, ಎರಡು ಮಂಚ ಕೂರಿಸಿದರೆ ಎಷ್ಟೋ, ಇನ್‌ಸೈಡ್ ಕೋಣೆ ಅಷ್ಟು.

"ಒಳಗಿನ ಕೋಣೆ ಅಪಾಯವಲ್ಲವಾ" ಅಂತ ಹಿರಿಯರು ಕೇಳಿಯೇ ಕೇಳುತ್ತಾರೆ. ಅವಘಡವಾದರೆ ಕಿಟಕಿಯಿಂದ ಯಾರನ್ನೂ ಇಳಿಸುವುದಿಲ್ಲ. ಎಲ್ಲರೂ ಕಾರಿಡಾರಿನಿಂದಲೇ ತಮ್ಮ ಮಸ್ಟರ್ ಸ್ಟೇಷನ್‌ಗೆ, ಅಂದರೆ ಅವಘಡದಲ್ಲಿ ಸೇರಬೇಕಾದ ಗೊತ್ತಾದ ಜಾಗಕ್ಕೆ, ಹೋಗಬೇಕು. 2012ರಲ್ಲಿ ಇಟಲಿಯ ಜಿಲ್ಯೊ ದ್ವೀಪದ ಹತ್ತಿರ ಕೋಸ್ಟಾ ಕಾನ್ಕಾರ್ಡಿಯಾ ಬಂಡೆಗೆ ಬಡಿದು 32 ಜನ ತೀರಿಕೊಂಡ ಮೇಲೆ ನಿಯಮ ಬಿಗಿಯಾಯಿತು. 2015ರಿಂದ ಹಡಗು ಹೊರಡುವ ಮುನ್ನ ಇಲ್ಲವೇ ಹೊರಟ ಕೂಡಲೇ ಪ್ರಯಾಣಿಕರೆಲ್ಲ ಸುರಕ್ಷತೆಯ ಡ್ರಿಲ್ ಮುಗಿಸಲೇಬೇಕು. ಆ ಡ್ರಿಲ್ ಗಮನವಿಟ್ಟು ನೋಡಿಕೊಂಡರೆ ಕೋಣೆ ಒಳಗಿದ್ದರೇನು, ಹೊರಗಿದ್ದರೇನು.

ಅಳೆಯುವುದು ಹೇಗೆ

ಎಲ್ಲಕ್ಕಿಂತ ಮುಖ್ಯ ಒಂದೇ ಪ್ರಶ್ನೆ: ಹಗಲು ಹೊತ್ತಿನಲ್ಲಿ, ಎಚ್ಚರವಾಗಿ, ಎಷ್ಟು ಗಂಟೆ ರೂಮಿನಲ್ಲಿರುತ್ತೀರಿ? ಕತ್ತಲಾದ ಮೇಲೆ ಬಾಲ್ಕನಿಯಾಚೆ ಕಾಣುವುದೂ ಕಪ್ಪೇ. ಮಲಗಿದ ಮೇಲಂತೂ ಕೇಳುವುದೇ ಬೇಡ.

ಇಬ್ಬರ ಕೋಣೆಗೆ ಇನ್‌ಸೈಡ್‌ಗೂ ಬಾಲ್ಕನಿಗೂ 24,000 ರೂಪಾಯಿ ವ್ಯತ್ಯಾಸ ಅಂತಿಟ್ಟುಕೊಳ್ಳಿ. ತಿಂಡಿ, ಈಜು, ಊಟ, ಬಂದರಿನಲ್ಲಿಳಿದು ಸುತ್ತಾಟ, ಸಂಜೆಗೆ ಶೋ ಅಂತ ಓಡಾಡುವವರು ದಿನಕ್ಕೆ ಎರಡು ಗಂಟೆ ರೂಮಿನಲ್ಲಿದ್ದರೆ ಹೆಚ್ಚು. ಮೂರು ದಿನಕ್ಕೆ ಆರು ಗಂಟೆ. ಅಂದರೆ ಬಾಲ್ಕನಿಗೆ ಗಂಟೆಗೆ 4,000 ರೂಪಾಯಿ ಬಾಡಿಗೆ. ಅದೇ ಕಾಫಿ ಲೋಟ ಹಿಡಿದು ದಿನಕ್ಕೆ ಆರು ಗಂಟೆ ಸಮುದ್ರ ನೋಡುತ್ತ ಕೂರುವವರಿಗೆ ಗಂಟೆಗೆ 1,300ರ ಸುಮಾರು. ನಿಮ್ಮ ಕೊಟೇಶನ್ನಿನ ಅಂಕಿ ಹಾಕಿ ಇದನ್ನೇ ಭಾಗಿಸಿ ನೋಡಿ. ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ.

ಎರಡನೆಯದು ಹೊಟ್ಟೆ. ಕಣ್ಣಿಗೆ ಕಾಣುವುದಕ್ಕೂ ಒಳಕಿವಿಗೆ ತಿಳಿಯುವ ಅಲುಗಾಟಕ್ಕೂ ತಾಳೆ ಬೀಳದಿದ್ದಾಗ ವಾಕರಿಕೆ ಬರುತ್ತದೆ. ಚಾರ್ಮಾಡಿ ಘಾಟಿಯಲ್ಲಿ "ಕೆಳಗೆ ನೋಡ್ಬೇಡ, ದೂರ ನೋಡು" ಅಂತ ಅಮ್ಮ ಹೇಳುತ್ತಿದ್ದದ್ದು ಇದಕ್ಕೇ. ಹಡಗಿನಲ್ಲಿ ಆ 'ದೂರ' ಅಂದರೆ ದಿಗಂತ, ಇನ್‌ಸೈಡ್ ಕೋಣೆಯಲ್ಲಿ ಅದು ಕಾಣುವುದಿಲ್ಲ. ಆದರೆ ಇದರ ಇನ್ನೊಂದು ಮುಖವನ್ನು ಏಜೆಂಟ್ ಹೇಳುವುದಿಲ್ಲ. ಹಡಗು ಪಾರ್ಕಿನಲ್ಲಿ ಮಕ್ಕಳಾಡುವ ಸೀ-ಸಾ ಹಲಗೆಯಂತೆ ತೂಗುವುದರಿಂದ ನಡುಭಾಗದ ಕೆಳ ಡೆಕ್ಕುಗಳಲ್ಲಿ (ಡೆಕ್ಕು ಅಂದರೆ ಹಡಗಿನ ಮಹಡಿ) ಅಲುಗಾಟ ಅತಿ ಕಡಿಮೆ, ತುದಿಯಲ್ಲೂ ಮೇಲೂ ಹೆಚ್ಚು. ಮೇಲಿನ ಡೆಕ್ಕಿನ ಮೂತಿಯ ಕಡೆ ಇರುವ ದುಬಾರಿ ಬಾಲ್ಕನಿಗಿಂತ ನಡುವಿನ ಕೆಳ ಡೆಕ್ಕಿನ ಅಗ್ಗದ ಕೋಣೆಯೇ ಹೊಟ್ಟೆಗೆ ಹಿತ. ಅವೋಮಿನ್ ತರಹದ ಮಾತ್ರೆ ತೆಗೆದುಕೊಳ್ಳುವುದಾದರೆ ವೈದ್ಯರನ್ನು ಕೇಳಿ ಮೊದಲೇ ತಗೊಳ್ಳಿ. ವಾಂತಿ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮೊದಲೇ ನುಂಗಿದರೂ ನಿದ್ದೆ ಬರಬಹುದು.

ಮೂರನೆಯದು ದಾರಿ. ನಾರ್ವೆಯ ಫ್ಯೋರ್ಡು (ಕಡಿದಾದ ಬೆಟ್ಟಗಳ ನಡುವೆ ಒಳಚಾಚಿದ ಕಡಲು), ಅಲಾಸ್ಕದ ಹಿಮನದಿಗಳ ಕಡೆ ಹೋಗುವ ಹಡಗಿನಲ್ಲಿ ಕೋಣೆಯಿಂದಲೇ ನೋಡುವಂಥದ್ದು ಗಂಟೆಗಟ್ಟಲೆ ಇರುತ್ತದೆ. ಅಮೆರಿಕದಲ್ಲಿರುವ ನಮ್ಮವರು ಸಿಯಾಟಲ್‌ನಿಂದ ಹೊರಡುವಾಗ ಬಾಲ್ಕನಿಗೆ ಕೈ ಹಾಕುವುದರಲ್ಲಿ ಅರ್ಥವಿದೆ. ಬಾಲ್ಕನಿಯಿಂದ ಕಾಣುವುದು ಒಂದೇ ಪಕ್ಕ, ತೆರೆದ ಡೆಕ್ಕಿಗೆ ಹೋದರೆ ಎರಡೂ ಪಕ್ಕ ಕಾಣುತ್ತದೆ ಅನ್ನುವುದು ಮಾತ್ರ ನೆನಪಿರಲಿ. ಸಿಂಗಪುರದಿಂದ ಪೆನಾಂಗಿಗೋ ಫುಕೆಟಿಗೋ ಹೋಗುವಾಗ ಬಹುಪಾಲು ಹೊತ್ತು ಕಾಣುವುದು ನೀರು, ನೀರು, ಆಗಾಗ ಒಂದು ಕಂಟೇನರ್ ಹಡಗು. ಮಲಕ್ಕಾ ಜಲಸಂಧಿ ಜಗತ್ತಿನಲ್ಲೇ ಹಡಗುಗಳ ದಟ್ಟಣೆ ಹೆಚ್ಚಿರುವ ದಾರಿಗಳಲ್ಲೊಂದು, ಮಕ್ಕಳು ಅವನ್ನು ಎಣಿಸುತ್ತ ಕೂತಾರು. ಅದೂ ಹತ್ತು ನಿಮಿಷ.

ಉಳಿದದ್ದು ಜೊತೆಗಾರರ ವಿಷಯ. ಅದನ್ನು ಕೋಣೆಗಳ ಮಾತಿನಲ್ಲೇ ಹೇಳುತ್ತೇನೆ.

ಇನ್‌ಸೈಡ್: ಎಂಥ ಕತ್ತಲು ಅಂದರೆ

ಲೈಟ್ ಆರಿಸಿದ ಮೇಲೆ ಈ ಕೋಣೆಯ ಕತ್ತಲು ಮನೆಯಲ್ಲಿ ಕರೆಂಟ್ ಹೋದಾಗಿನ ಕತ್ತಲಲ್ಲ. ಮನೆಯಲ್ಲಿ ಕಿಟಕಿಯ ಅಂಚಿನಿಂದ ಬೀದಿದೀಪದ ಒಂದು ಗೆರೆಯಾದರೂ ಬರುತ್ತದೆ. ಇಲ್ಲಿ ನಿಮ್ಮ ಕೈ ನಿಮಗೇ ಕಾಣದು. ಮೊದಲ ಸಲ ಹೋದಾಗ ನಾನೂ ಯಜಮಾನರೂ ಅಲಾರಂ ಇಡದೆ ಮಲಗಿದ್ದೆವು. ಎಚ್ಚರವಾದಾಗ ನಡುರಾತ್ರಿ ಅಂತಲೇ ಅನ್ನಿಸಿತು, ಮಗ್ಗುಲು ಬದಲಿಸಿ ಮತ್ತೆ ಮಲಗಿದೆ. ಮತ್ತೆ ಎಚ್ಚರವಾಗಿ ಫೋನ್ ನೋಡಿದರೆ 9.40. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದು, ಮೈಗೆ ಇನ್ನೂ 7.10. ಬೆಳಕೂ ಇಲ್ಲದಿದ್ದ ಮೇಲೆ ಅದಕ್ಕೆ ಹೇಗೆ ಗೊತ್ತಾಗಬೇಕು? ಊಟದ ಹಾಲಿನಲ್ಲಿ ದೋಸೆಯ ಕೌಂಟರ್ ಮುಚ್ಚುತ್ತಿದ್ದರು. ಹಣ ಉಳಿಸಿದ ಸಂತೋಷ ಆ ದೋಸೆಯಲ್ಲಿ ಅರ್ಧ ಕರಗಿತು.

ಇದಕ್ಕೊಂದು ಉಪಾಯವಿದೆ. ಎಷ್ಟೋ ಹಡಗುಗಳ ಟಿವಿಯಲ್ಲಿ ಮುಂಭಾಗದ ಕ್ಯಾಮೆರಾದ ದೃಶ್ಯ ನೇರವಾಗಿ ಬರುವ ಚಾನೆಲ್ ಇರುತ್ತದೆ. ಅದನ್ನು ಹಚ್ಚಿ ಸದ್ದು ಆರಿಸಿ ಮಲಗಿ. ರಾತ್ರಿ ಕಪ್ಪಾಗಿರುತ್ತದೆ, ಬೆಳಗಾದಂತೆ ಪರದೆ ತಾನೇ ಬೆಳ್ಳಗಾಗಿ ನಿಮ್ಮನ್ನು ಎಬ್ಬಿಸುತ್ತದೆ. ಬಾತ್‌ರೂಮಿಗೆ ಎದ್ದವರ ಮೊಣಕಾಲು ಮಂಚಕ್ಕೆ ಬಡಿಯದಂತೆ ಬ್ಯಾಟರಿಯ ಪುಟ್ಟ ನೈಟ್ ಲ್ಯಾಂಪ್ ಒಯ್ಯಿರಿ. ಕ್ಯಾಬಿನ್ ಗೋಡೆ ಸಾಮಾನ್ಯವಾಗಿ ಉಕ್ಕಿನದು. ಅಯಸ್ಕಾಂತದ ನಾಲ್ಕು ಕೊಕ್ಕೆ ಇದ್ದರೆ ಬ್ಯಾಗು, ಟೋಪಿ, ಒದ್ದೆ ಈಜುಡುಗೆ ಎಲ್ಲ ಗೋಡೆಗೇರಿ ನೆಲದಲ್ಲಿ ನಡೆಯಲು ಜಾಗವಾಗುತ್ತದೆ. ಎಲೆಕ್ಟ್ರಿಕ್ ಕೆಟಲ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ ಒಯ್ಯಬೇಡಿ. ಯಾವ ಕೋಣೆಯವರಾದರೂ ಹತ್ತುವಾಗಲೇ ತಡೆಹಿಡಿಯುತ್ತಾರೆ. ರೆಡಿ ಉಪ್ಪಿಟ್ಟಿಗೆ ಬಿಸಿನೀರು ಬೇಕಾದರೆ ಬಫೆ ಕೌಂಟರಿನಲ್ಲಿ ಸಿಗುತ್ತದೆ.

ನಿದ್ದೆಗೆ ಈ ಕೋಣೆ ಸ್ವರ್ಗ. ಪಾಳಿ ಕೆಲಸದವರು, ಮಗು ಮಧ್ಯಾಹ್ನ ಮಲಗಲೇಬೇಕು ಅನ್ನುವವರು, ಬೇಸಿಗೆಯಲ್ಲಿ ಸೂರ್ಯನೇ ಮುಳುಗದ ಉತ್ತರ ನಾರ್ವೆಯ ಕಡೆ ಹೋಗುವವರು ಬೇಕಂತಲೇ ಇದನ್ನು ಆರಿಸಿದರೆ ಆಶ್ಚರ್ಯವಿಲ್ಲ.

ಯಾರಿಗೆ ಆಗಿಬರುವುದಿಲ್ಲ? ಲಿಫ್ಟಿನಲ್ಲಿ ಉಸಿರು ಕಟ್ಟುವವರಿಗೆ. ಐದಕ್ಕೇ ಎದ್ದು ಹೊರಗೆ ನೋಡಿ ದಿನ ಶುರುಮಾಡುವವರಿಗೆ. ನಮ್ಮ ಮಾವ ಸಂಧ್ಯಾವಂದನೆ ಬಿಡುವವರಲ್ಲ. ಬೆಳಗ್ಗೆ ಕದ ತಟ್ಟಿ ಅವರು ಕೇಳಿದ ಮೊದಲ ಪ್ರಶ್ನೆ, "ಪೂರ್ವ ಯಾವ ಕಡೆ ಕಣಮ್ಮ?" ಯಜಮಾನರು ಫೋನಿನ ದಿಕ್ಸೂಚಿ ತೆಗೆದರು. ಸುತ್ತಲೂ ಉಕ್ಕು, ಮುಳ್ಳು ಮನಸ್ಸಿಗೆ ಬಂದ ಕಡೆ ತಿರುಗಿತು. ಟಿವಿಯ ನಕ್ಷೆ ನೋಡಿ ಲೆಕ್ಕ ಹಾಕಿ "ಆ ಬೀರುವಿನ ಕಡೆ" ಅಂತ ತೋರಿಸಿದರು. ಅರ್ಘ್ಯ ಮುಗಿಯುವಷ್ಟರಲ್ಲಿ ಹಡಗು ತಿರುಗಿತ್ತು. ಅತ್ತೆಗೆ ಇನ್ನೊಂದು ಬೇಜಾರು, ದೀಪ, ಊದುಬತ್ತಿ ಯಾವ ಕೋಣೆಯಲ್ಲೂ ಹಚ್ಚುವಂತಿಲ್ಲ. ಇದಕ್ಕೆ ಬಾಲ್ಕನಿಯೂ ಪರಿಹಾರವಲ್ಲ, ಅಲ್ಲಿಯೂ ಬೆಂಕಿ ನಿಷಿದ್ಧ.

ಪುಟ್ಟ ಮಕ್ಕಳ ಅಪ್ಪ-ಅಮ್ಮಂದಿರು ಒಂದು ವಿಷಯ ಯೋಚಿಸಿಕೊಳ್ಳಿ. ಮಗು ಎಂಟಕ್ಕೆ ಮಲಗಿತು, ಆಮೇಲೆ ನೀವೇನು ಮಾಡುತ್ತೀರಿ? ಇನ್‌ಸೈಡಿನಲ್ಲಿ ಕತ್ತಲಲ್ಲಿ ಪಿಸುಮಾತಾಡುತ್ತ ಕೂರಬೇಕು. ಬಾಲ್ಕನಿಯಿದ್ದರೆ ಗಾಜಿನ ಬಾಗಿಲೆಳೆದು ಹೊರಗೆ ಕೂತು ಇಬ್ಬರೂ ಮಾತಾಡಬಹುದು. ನನ್ನ ಪ್ರಕಾರ ಬಾಲ್ಕನಿಯ ದುಡ್ಡಿಗೆ ಅತಿ ಗಟ್ಟಿ ಕಾರಣ ಇದೇ, ಸೂರ್ಯಾಸ್ತವಲ್ಲ.

ಗ್ಯಾರಂಟಿ ಕೋಣೆ: ಇನ್ನೂ ಅಗ್ಗ, ಆದರೆ

'ಗ್ಯಾರಂಟಿ' ಅಂತ ಒಂದು ರೇಟು ಇರುತ್ತದೆ. ದರ್ಜೆ ಮಾತ್ರ ಖಚಿತ, ಕೋಣೆಯ ನಂಬರನ್ನು ಕಂಪನಿಯೇ ಕೊನೆಗೆ ಕೊಡುತ್ತದೆ. ಅದೃಷ್ಟವಿದ್ದರೆ ಮೇಲಿನ ದರ್ಜೆಯೂ ಸಿಗಬಹುದು ಅಂತ ಆಸೆ ತೋರಿಸುತ್ತಾರೆ. ನಮಗೆ ಸಿಕ್ಕಿದ್ದು ಈಜುಕೊಳದ ಡೆಕ್ಕಿನ ನೇರ ಕೆಳಗಿನ ಕೋಣೆ. ಹಡಗಿನ ಹೆಸರು ಬೇಡ. ಬೆಳಗಿನ ಐದೂವರೆಗೆ ತಲೆಯ ಮೇಲೆ ಕುರ್ಚಿ ಎಳೆಯುವ ಸದ್ದು, ಕಲ್ಯಾಣಮಂಟಪದಲ್ಲಿ ಎರಡನೇ ಪಂಕ್ತಿಗೆ ಸಜ್ಜು ಮಾಡುತ್ತಾರಲ್ಲ, ಅದೇ ಸದ್ದು. ಕತ್ತಲು ಕೊಟ್ಟ ನಿದ್ದೆಯನ್ನು ಕುರ್ಚಿಗಳು ಕಿತ್ತುಕೊಂಡವು.

ಇನ್‌ಸೈಡ್ ತಗೊಳ್ಳುವುದಾದರೆ ನಂಬರ್ ನೀವೇ ಆರಿಸಿ, ಸ್ವಲ್ಪ ಹೆಚ್ಚು ಕೇಳಿದರೂ ಕೊಡಿ. ಡೆಕ್ ಪ್ಲಾನ್, ಅಂದರೆ ಒಂದೊಂದು ಮಹಡಿಯ ನಕ್ಷೆ, ತೆರೆದು ನೋಡಿದಾಗ ನಿಮ್ಮ ಕೋಣೆಯ ಮೇಲೂ ಕೆಳಗೂ ಕೋಣೆಗಳೇ ಇರಬೇಕು. ಮೇಲೆ ಈಜುಕೊಳ, ಬಫೆ, ಅಡುಗೆಮನೆ ಬೇಡ, ಕೆಳಗೆ ಡಿಸ್ಕೋ, ಥಿಯೇಟರ್ ಬೇಡ. ಮೂತಿಯ ಕಡೆ ಲಂಗರಿನ ಸದ್ದು ಕೇಳಬಹುದು. ಪಕ್ಕದ ಕೋಣೆಗೆ ನಡುಬಾಗಿಲು ಇದ್ದರೆ ಅವರ ಗೊರಕೆಯೂ ನಿಮ್ಮದೇ. ಪ್ಲಾನಿನಲ್ಲಿ ಏನೂ ಬರೆಯದ ಖಾಲಿ ಬಿಳಿ ಜಾಗ ಪಕ್ಕದಲ್ಲಿದ್ದರೆ ಸಿಬ್ಬಂದಿ ತಳ್ಳುಗಾಡಿ ಓಡಿಸುವ ಜಾಗವಿರಬಹುದು, ಕೇಳಿ ತಿಳಿದುಕೊಳ್ಳಿ. ಎರಡು ಕೋಣೆ ಬುಕ್ ಮಾಡುವ ಕುಟುಂಬಕ್ಕೆ ಗ್ಯಾರಂಟಿ ಬೇಡವೇ ಬೇಡ, ಒಂದು ಐದನೇ ಡೆಕ್ಕಿನಲ್ಲಿ, ಇನ್ನೊಂದು ಹತ್ತನೆಯದರಲ್ಲಿ ಸಿಕ್ಕಿದರೆ ಪ್ರಯಾಣವಿಡೀ ಲಿಫ್ಟಿನಲ್ಲೇ ಕಳೆಯುತ್ತದೆ.

ನಡುವಿನ ದಾರಿಗಳು

ಇನ್‌ಸೈಡಿಗೂ ಬಾಲ್ಕನಿಗೂ ನಡುವೆ ಬಗೆಬಗೆಯ ಕೋಣೆಗಳಿವೆ, ಏಜೆಂಟರು ಎಲ್ಲವನ್ನೂ ಹೇಳುವುದಿಲ್ಲ. ರಾಯಲ್ ಕೆರಿಬಿಯನ್ನಿನ ಕೆಲವು ದೊಡ್ಡ ಹಡಗುಗಳಲ್ಲಿ ಒಳಕೋಣೆಗೂ ಕಿಟಕಿ ಇದೆ, ಆದರೆ ಅದು ತೆರೆದುಕೊಳ್ಳುವುದು ಹಡಗಿನ ನಡುವಿನ ಅಂಗಡಿಬೀದಿಗೆ. ಸಮುದ್ರದ ಬದಲು ಜನ ಕಾಣುತ್ತಾರೆ. ಸಂಜೆ ಪರದೆ ಎಳೆಯಲು ಮರೆತರೆ ಅವರಿಗೆ ನೀವೂ ಕಾಣುತ್ತೀರಿ. ಅದೇ ಕಂಪನಿಯ ಕ್ವಾಂಟಮ್ ವರ್ಗದ ಹಡಗುಗಳಲ್ಲಿ, ಸಿಂಗಪುರದಿಂದಲೂ ಓಡಿರುವ ಸ್ಪೆಕ್ಟ್ರಮ್ ಇದೇ ಬಳಗದ್ದು, ಗೋಡೆಯೆತ್ತರದ ಪರದೆಯ ಮೇಲೆ ಹೊರಗಿನ ಕ್ಯಾಮೆರಾದ ದೃಶ್ಯ ತೋರಿಸುವ 'ವರ್ಚುವಲ್ ಬಾಲ್ಕನಿ' ಇದೆ. ಡಿಸ್ನಿ ಇಂಥದ್ದನ್ನೇ 2011ರ ಡ್ರೀಮ್ ಹಡಗಿನಲ್ಲಿ ದುಂಡು ಕಿಟಕಿಯ ರೂಪದಲ್ಲಿ ಮಾಡಿತು. ಹೊರಗಿನ ಸಮುದ್ರದ ನಡುವೆ ಕಾರ್ಟೂನ್ ಪಾತ್ರಗಳು ಹಾದುಹೋಗುತ್ತವೆ, ಮಕ್ಕಳು ನಿಜವಾದ ಕಿಟಕಿ ಬೇಡ ಅಂದರೂ ಅಂದಾವು. ಇನ್‌ಸೈಡಿನ ಮೇಲೆ ಸ್ವಲ್ಪವೇ ಹೆಚ್ಚು ಕೊಟ್ಟರೆ ಸಿಗುವಂತಿದ್ದರೆ ಇವು ಬೆಲೆಗೆ ಮೋಸವಿಲ್ಲ.

ಓಷನ್ ವ್ಯೂ ಅಂದರೆ ತೆರೆಯಲಾಗದ ಗಾಜಿನ ಕಿಟಕಿ. ಬೆಳಕು ಬರುತ್ತದೆ, ದಿಗಂತ ಕಾಣುತ್ತದೆ, ಗಾಳಿ ಬರುವುದಿಲ್ಲ. ಇದು ಹೆಚ್ಚಾಗಿ ಕೆಳ ಡೆಕ್ಕುಗಳಲ್ಲಿರುವುದರಿಂದ ಅಲುಗಾಟವೂ ಕಡಿಮೆ. ಹೊಟ್ಟೆ ತೊಳಸುವವರಿಗೆ ಬಾಲ್ಕನಿಗಿಂತ ಇದೇ ಮೇಲು ಅಂತ ನನ್ನ ಮತ. ನಮ್ಮ ಮಾವನವರಿಗೂ ಇಷ್ಟು ಸಾಕಿತ್ತು, ಬೆಳಕು ಬಂದ ಕಡೆ ಪೂರ್ವ. ಹಳೆಯ ಹಡಗುಗಳಲ್ಲಿ ಈ ದರ್ಜೆಗೆ ಹೆಚ್ಚು ಮಹತ್ವವಿದೆ. ಮುಂಬೈ, ಚೆನ್ನೈಗಳಿಂದ ಹೊರಡುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಕಟ್ಟಿದ ಹಡಗು. ಆ ಕಾಲದಲ್ಲಿ ಬಾಲ್ಕನಿ ಇನ್ನೂ ಅಪರೂಪ, ಹಾಗಾಗಿ ಅಲ್ಲಿ ಬಾಲ್ಕನಿ ಕೋಣೆಗಳೇ ಕಡಿಮೆ. ಅಂಥ ಕಡೆ ನಿಜವಾದ ಪೈಪೋಟಿ ಇನ್‌ಸೈಡಿಗೂ ಓಷನ್ ವ್ಯೂಗೂ. ಎರಡು ರಾತ್ರಿಯ ಗೋವಾ ಟ್ರಿಪ್ಪಾದರೆ ಇನ್‌ಸೈಡ್, ಲಕ್ಷದ್ವೀಪಕ್ಕೆ ಹೋಗುವುದಾದರೆ ಓಷನ್ ವ್ಯೂ ಅನ್ನುತ್ತೇನೆ. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬಿ ಸಮುದ್ರ ಒರಟು, ಹೊಟ್ಟೆ ಸೂಕ್ಷ್ಮವಿದ್ದವರು ಚಳಿಗಾಲಕ್ಕೆ ಕಾಯುವುದೇ ಲೇಸು.

'ಅಬ್‌ಸ್ಟ್ರಕ್ಟೆಡ್ ವ್ಯೂ' ಅಂತ ಬರೆದಿದ್ದರೆ ಕಿಟಕಿಯ ಮುಂದೆ ಲೈಫ್‌ಬೋಟು ತೂಗುತ್ತಿದೆ ಅಂತ ಅರ್ಥ. ನೋಟ ಬೇಡ, ಬೆಳಕು ಸಾಕು ಅನ್ನುವವರಿಗೆ ಇದು ಜಾಣ ಆಯ್ಕೆ, ರೇಟು ಇನ್‌ಸೈಡಿನ ಹತ್ತಿರಕ್ಕೇ ಬಂದಿರುತ್ತದೆ. ಒಬ್ಬರೇ ಹೋಗುವವರ ಕಥೆ ಬೇರೆ. ಕೋಣೆಯ ರೇಟು ಇಬ್ಬರ ಲೆಕ್ಕದ್ದಾದ್ದರಿಂದ ಒಬ್ಬರಿದ್ದರೂ ಹೆಚ್ಚುಕಡಿಮೆ ಇಬ್ಬರದನ್ನೂ ತೆರಬೇಕಾಗುತ್ತದೆ. ನಾರ್ವೇಜಿಯನ್ ಕಂಪನಿ 2010ರಲ್ಲಿ ಎಪಿಕ್ ಹಡಗಿನಲ್ಲಿ ಒಬ್ಬರಿಗಾಗಿಯೇ 100 ಚದರ ಅಡಿಯ 128 ಒಳಕೋಣೆ ಮಾಡಿತು. ನಮ್ಮ ಕಡೆಯಿಂದ ಹೊರಡುವ ಹಡಗಿನಲ್ಲಿ ಅಂಥದ್ದು ಸಿಗದಿದ್ದರೆ ಒಂಟಿ ಪ್ರಯಾಣಿಕರಿಗೆ ಇನ್‌ಸೈಡ್ ಬಿಟ್ಟು ಬೇರೆ ಯೋಚನೆ ಬೇಡ.

ಬಾಲ್ಕನಿಯಲ್ಲಿ ಕೂತವರು ಯಾರು

ಮೂರನೇ ಸಲ ಅತ್ತೆ-ಮಾವನ ಒತ್ತಾಯಕ್ಕೆ ಎರಡೂ ಕೋಣೆ ಬಾಲ್ಕನಿಯದೇ ಮಾಡಿಸಿದೆವು. ಅವರು ಬೆಳಗ್ಗೆ ಐದೂಮುಕ್ಕಾಲಿಗೆ ಕುರ್ಚಿ ಹಿಡಿದರೆ ತಿಂಡಿಗೇ ಏಳುತ್ತಿದ್ದದ್ದು. ಮಧ್ಯಾಹ್ನ ಅತ್ತೆ ಅಲ್ಲೇ ಕೂತು ಹೂಬತ್ತಿ ಹೊಸೆದರು, ಹಚ್ಚುವಂತಿಲ್ಲ ಅಂತ ಗೊತ್ತಿದ್ದೂ. ಅವರ ಮಟ್ಟಿಗೆ ಒಂದೊಂದು ರೂಪಾಯಿಯೂ ವಸೂಲು. ನಮ್ಮ ಬಾಲ್ಕನಿಯಲ್ಲಿ ಮೂರು ದಿನ ಟವೆಲ್ ಒಣಗಿತು. ಮೊದಲ ಸಂಜೆ ಎರಡು ಸೆಲ್ಫಿ, ಕೊನೆಯ ಬೆಳಗ್ಗೆ ಒಂದು ಕಾಫಿ, ಅಷ್ಟೇ. ನಮ್ಮ ಕೋಣೆಗೆ ಕೊಟ್ಟ ಹೆಚ್ಚುವರಿ ದುಡ್ಡಿನಲ್ಲಿ ಪೆನಾಂಗಿನಲ್ಲಿ ಇಡೀ ದಿನಕ್ಕೆ ಕಾರು ಮಾಡಿಕೊಂಡು ಸುತ್ತಬಹುದಿತ್ತು. ಅದರ ಬದಲು ಎರಡು ಗಂಟೆಯ ಬಸ್ ಟೂರಿಗೆ ಸಮಾಧಾನಪಟ್ಟೆವು.

ಇದರಿಂದ ಕಲಿತದ್ದು: ಎಲ್ಲರಿಗೂ ಒಂದೇ ದರ್ಜೆ ಬೇಕಿಲ್ಲ. ಎಷ್ಟೋ ಹಡಗುಗಳಲ್ಲಿ ಬಾಲ್ಕನಿ ಕೋಣೆಯ ಬಾಗಿಲಿಗೆ ಎದುರು, ಕಾರಿಡಾರಿನ ಆಚೆಗೆ, ಇನ್‌ಸೈಡ್ ಕೋಣೆಯಿರುತ್ತದೆ. ಹಿರಿಯರಿಗೆ ಬಾಲ್ಕನಿ, ನಿಮಗೆ ಎದುರಿನ ಇನ್‌ಸೈಡ್. ಹಗಲೆಲ್ಲ ಅವರ ಬಾಲ್ಕನಿ ಎಲ್ಲರದೂ, ರಾತ್ರಿಯ ಕತ್ತಲೆ ನಿಮ್ಮದು. ನಾಲ್ವರು ಒಂದೇ ಬಾಲ್ಕನಿ ಕೋಣೆಯಲ್ಲಿ ಗೋಡೆಯ ಮಂಚ ಇಳಿಸಿಕೊಂಡು ಮಲಗುವುದಕ್ಕೂ ಎರಡು ಇನ್‌ಸೈಡ್ ತಗೊಳ್ಳುವುದಕ್ಕೂ ಒಟ್ಟು ಮೊತ್ತ ಎಷ್ಟಾಗುತ್ತದೆ ಅಂತ ಕೇಳಿ ನೋಡಿ. ಮೂರನೆಯ, ನಾಲ್ಕನೆಯವರ ಟಿಕೆಟ್ ಅಗ್ಗವಿರುವುದರಿಂದ ಎರಡು ಕೋಣೆ ಎಷ್ಟೋ ಸಲ ದುಬಾರಿಯೇ, ಆದರೆ ಎರಡು ಬಾತ್‌ರೂಮ್ ಸಿಗುತ್ತದೆ. ಬೆಳಗ್ಗೆ ಎಂಟಕ್ಕೆ ಬಂದರಿನಲ್ಲಿಳಿಯಬೇಕಾದ ದಿನ ಅದರ ಬೆಲೆ ಏನು ಅಂತ ಕೂಡುಕುಟುಂಬದಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಒಂದೊಂದು ಕೋಣೆಗೂ ಒಬ್ಬ ವಯಸ್ಕರ ಹೆಸರಿರಬೇಕು ಅನ್ನುವ ನಿಯಮ ಹೆಚ್ಚಿನ ಕಂಪನಿಗಳಲ್ಲಿದೆ. ಹೆಸರು ಹಂಚುವಾಗ ಅಪ್ಪ ಒಂದರಲ್ಲಿ, ಅಮ್ಮ ಇನ್ನೊಂದರಲ್ಲಿ ಅಂತ ಬರೆಸಿ.

ಸೂಟಿನ ಬಗ್ಗೆ ಹೇಳುವುದೇನಿಲ್ಲ. ಅದನ್ನು ಕೊಳ್ಳುವವರು ಇಂಥ ಲೆಕ್ಕ ಓದುವುದಿಲ್ಲ.

ಕೊಟೇಶನ್ ಹೋಲಿಸುವಾಗ ಒಂದು ಎಚ್ಚರ. ದೊಡ್ಡಕ್ಷರದಲ್ಲಿ ಬರೆದಿರುವುದು ಸಾಮಾನ್ಯವಾಗಿ ಇಬ್ಬರಿರುವ ಕೋಣೆಯಲ್ಲಿ ಒಬ್ಬರ ರೇಟು, ತೆರಿಗೆ, ಪೋರ್ಟ್ ಶುಲ್ಕ, ಟಿಪ್ಸ್ ಬಿಟ್ಟು. "ಬಾಲ್ಕನಿ ಒಂದೂವರೆಪಟ್ಟು" ಅಂತ ಶೇಕಡಾ ಲೆಕ್ಕಕ್ಕೆ ಹೆದರಬೇಡಿ, "ದಿನಕ್ಕೆ ಇಷ್ಟೇ ಹೆಚ್ಚು ಮೇಡಂ" ಅನ್ನುವ ಮಾತಿಗೆ ಕರಗಲೂ ಬೇಡಿ. ಎಲ್ಲ ಸೇರಿಸಿ, ಎಲ್ಲರದೂ ಸೇರಿಸಿ, ಒಟ್ಟು ಮೊತ್ತವನ್ನು ಬರೆದುಕೊಡಲು ಹೇಳಿ. ಇನ್ನೊಂದು ವಾರ ಬಿಟ್ಟು ಮತ್ತೆ ಕೇಳಿ. ರೇಟು ವಿಮಾನದ ಟಿಕೆಟಿನಂತೆ ಏರಿಳಿಯುತ್ತದೆ, ರಜೆಯ ಸಮಯದಲ್ಲಿ ಇನ್‌ಸೈಡ್ ಮೊದಲೇ ಖಾಲಿಯಾಗಿ ಅದರ ರೇಟು ಓಷನ್ ವ್ಯೂ ಹತ್ತಿರಕ್ಕೆ ಬಂದಿರುವುದೂ ಉಂಟು. ಅಂಥ ದಿನ ಕಿಟಕಿಯನ್ನೇ ತಗೊಳ್ಳಿ.

ನನ್ನ ತಂಗಿ ಕೊನೆಗೆ ಅತ್ತೆ-ಮಾವನಿಗೆ ಒಂದು ಬಾಲ್ಕನಿ, ತಾವು ನಾಲ್ವರಿಗೆ ಎದುರಿನ ಇನ್‌ಸೈಡ್ ಅಂತ ಮಾಡಿಸಿದಳು. ನಾಲ್ವರು ಒಂದರಲ್ಲಿ ಇಕ್ಕಟ್ಟಲ್ಲವೇನೇ ಅಂದೆ. "ಚಿಕ್ಕವನು ಈಗಲೇ ಹೇಳಿಬಿಟ್ಟಿದಾನೆ ಅಕ್ಕಾ, ಅಜ್ಜಿ ಹತ್ರ ಮಲಗೋದಂತೆ." ಮ್ಯಾಗ್ನೆಟ್ ಕೊಕ್ಕೆ ಎಲ್ಲಿ ಸಿಗುತ್ತದೆ ಅಂತ ನಿನ್ನೆ ಮೆಸೇಜ್ ಮಾಡಿದ್ದಾಳೆ.